ಗಾಳಿ ಸೋಕಿದವರು

ಮೊದಲು ಬಂದದ್ದು ಗಾಳಿಮಾತು.
ಟ್ಯಾಂಕಿನ ವಾಲ್ವು ಹೋಗಿದೆಯಂತೆ, ಇಲ್ಲವಂತೆ,
ಗಟಾರದಲ್ಲಿ ಇಲಿ ಸತ್ತಿದೆಯಂತೆ, ಅಷ್ಟೇ ಅಂತೆ.
ಆಮೇಲೆ ಗಾಳಿಯೇ ಬಂತು.

ಕೊಳೆತ ಬೆಳ್ಳುಳ್ಳಿ, ಅದರ ಬೆನ್ನಿಗೆ ಸುಟ್ಟ ರಬ್ಬರು,
ಕೊನೆಗೆ ನಾಲಿಗೆಯ ತುದಿಗೆ ಒಂದು ಕೆಟ್ಟ ಸಿಹಿ.
ಮಾಹುಲಿನ ಹದಿನೇಳನೇ ಬಿಲ್ಡಿಂಗಿನಲ್ಲಿ
ಏಳೂ ಮಾಳಿಗೆಯ ದೀಪ ಒಟ್ಟಿಗೆ ಹತ್ತಿದವಂತೆ.
ಲಿಫ್ಟು ಎಂದಿನಂತೆ ಕೆಟ್ಟಿತ್ತು.
ಕತ್ತಲ ಮೆಟ್ಟಿಲಿಳಿದವರು ಖಾಡಿಯ ಕಡೆ ಓಡಿದರು;
ಗಾಳಿಯೂ ಅತ್ತಲೇ ಹೊರಟಿತ್ತು.

ಇದ್ಯಾವುದೂ ನಾನು ಕಂಡದ್ದಲ್ಲ. ಆ ರಾತ್ರಿ
ಗೋವಂಡಿಯಲ್ಲಿ ಕಿಟಕಿ ಹಾಕಿ ಮಲಗಿದ್ದೆ.
ನನಗೆ ಗೊತ್ತಿರುವುದು ಆಮೇಲಿನ ಮಂಗಳವಾರಗಳು:
ದವಾಖಾನೆಯ ಮೂರನೇ ಕೋಣೆ, ಒಂದು ಯಂತ್ರ,
ರಟ್ಟಿನ ಕೊಳವೆಗಳ ಡಬ್ಬಿ, ಮೂಗಿನ ಕ್ಲಿಪ್ಪು,
ಮತ್ತೆ ನನ್ನ ಗಂಟಲು.
ಮರಾಠಿಯಲ್ಲಿ, ಹಿಂದಿಯಲ್ಲಿ, ಯಾದಗಿರಿಯವರು ಬಂದರೆ
ನನ್ನ ಸೋಲಾಪುರದ ಕನ್ನಡದಲ್ಲಿ:
ದಮ್ ಜಗ್ಗರಿ. ಇನ್ನೂ ಜಗ್ಗರಿ. ಈಗ ಊದ್ರಿ,
ಊದ್ರಿ ಊದ್ರಿ ಊದ್ರಿ, ಬಿಡಬ್ಯಾಡ್ರಿ!
ಆರು ಸೆಕೆಂಡು. ಮೂರು ಸಲ.
ಯಂತ್ರ ಪ್ರತಿಸಲವೂ ಒಂದು ಗುಡ್ಡ ಬರೆಯುತ್ತದೆ.
ಇಲ್ಲಿಯವರದ್ದು ಹೊಟ್ಟೆ ಒಳಗೆ ಸೇರಿದ ಗುಡ್ಡ,
ಖಡಿ ಮಷೀನಿನವರು ಕಡಿದು ಬಿಟ್ಟುಹೋದಂಥದ್ದು.

ನೀಲಗಂಗವ್ವ, ಐವತ್ತೆರಡು, ನಾಕಾದ ಕೂಲಿ.
ಕೊಳವೆ ಕೈಗಿಟ್ಟರೆ ನಕ್ಕಳು:
"ಒಲೀ ಊದಿ ಊದಿ ಮೂರು ಹುಡುಗರ್ನ ಬೆಳಸೀನಿ,
ಇದೇನ್ ಹೆಚ್ಚಿಂದವ್ವಾ."
ನಲವತ್ತೊಂದು ಪರ್ಸೆಂಟು. ಆಮೇಲೆ ಮೂವತ್ತೆಂಟು.
ಮೂರನೇ ಸಲಕ್ಕೆ ನಗು ಇರಲಿಲ್ಲ.
ಅವಳತ್ತೆ, ಗಾಳಿ ಸೋಕೇತಿ ಅಂತ
ಬೇವಿನ ಸೊಪ್ಪು ನೀವಾಳಿಸಿ ರಸ್ತೆಗೆ ಎಸೆದಳಂತೆ.
ಡಾಕ್ಟರು ನಕ್ಕರು.
ರೋಗದ ಹೆಸರಿನ ಕಾಲಮ್ಮಿನಲ್ಲಿ
ಅದಕ್ಕಿಂತ ಸರಿಯಾದ ಮಾತು ಅವರೂ ಬರೆದಿರಲಿಲ್ಲ.

ಹಿರಾಬಾಯಿ ವೈತಿ, ಕೋಳಿವಾಡ.
ಅವಳು ಕೂಗಿದರೆ ಬೊಂಬಿಲ್ ಬುಟ್ಟಿಯಲ್ಲೇ ಹೊರಳುತ್ತಿತ್ತಂತೆ.
ಈಗ ಗಿರಾಕಿ ಕರೆಯಲು
ತಕ್ಕಡಿಯ ತಟ್ಟೆಗೆ ತೂಕದಕಲ್ಲು ಬಡಿಯುತ್ತಾಳೆ.

ಕಾರ್ಖಾನೆಯ ಸಾಹೇಬರೊಬ್ಬರು ಬಂದಿದ್ದರು,
ಕೈಯಲ್ಲಿ ಹಣ್ಣಿನ ಬುಟ್ಟಿ. ಮೆಲ್ಲಗೆ ಹೇಳಿದರು:
ತನಿಖೆ ಮುಗಿಯುವವರೆಗೆ ಯಾರ ಮುಂದೂ ಉಸಿರೆತ್ತಬೇಡಿ.
ಬೇರೆ ಮಾತು ಸಿಗಲಿಲ್ಲವೇ ಅವರಿಗೆ,
ಈ ಕೋಣೆಯಲ್ಲಿ ನಿಂತು.

ಪರಿಹಾರಕ್ಕೊಂದು ಗೆರೆ ಇದೆ: ಐವತ್ತು.
ಕೆಳಗಿದ್ದವರಿಗೆ ಹಣ, ಮೇಲಿದ್ದವರಿಗೆ ಕೆಮ್ಮಿನ ಔಷಧ.
ಮೂರು ಊದಿನಲ್ಲಿ ಒಳ್ಳೆಯದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಸಗೀರ್, ಇಪ್ಪತ್ತಾರು,
ಚೆಂಬೂರಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು.
ಕಪ್ಪು ಪೆಟ್ಟಿಗೆ ತೊಡೆಯ ಮೇಲೇ ಇಟ್ಟುಕೊಂಡು ಕೂತ.
ನಲವತ್ತೊಂಬತ್ತು.
ನಲವತ್ತೆಂಟು.
ಬಾಗಿ ಅವನ ಕಿವಿಯಲ್ಲಿ ಹೇಳಿದೆ, ಸಾಕು,
ಕೊನೆಯದು ಸುಮ್ಮನೆ ಶಾಸ್ತ್ರಕ್ಕೆ ಊದು.
ಅವನು ಕೊಳವೆ ನೋಡಿದ. ತುಟಿ ಒರೆಸಿಕೊಂಡ.
ಬೆನ್ನು ನೆಟ್ಟಗೆ ಮಾಡಿದ,
ಎದುರಿಗೆ ಕುದುರೆ ಏರಿದ ಮದುಮಗ ಇದ್ದ ಹಾಗೆ.
ಐವತ್ತಮೂರು.
"ಬಾಯಿಗೆ ಇಟ್ಟ ಮೇಲೆ ಕೆಟ್ಟದಾಗಿ ಊದೋಕೆ
ಬರೋದಿಲ್ಲ, ದೀದಿ."

ಮೂರನೆಯದರ ಪಕ್ಕ ಬರೆದೆ:
ನಡುವೆ ಕೆಮ್ಮಿದ್ದಾರೆ, ಹಿಡಿಯತಕ್ಕದ್ದಲ್ಲ.
ಕೆಳಗೆ ನನ್ನ ಸಹಿ, ತಾರೀಕು.

ಅವನು ಹೋದ ಮೇಲೆ ಮೆಟ್ಟಿಲ ಕಡೆಯಿಂದ
ಒಂದೇ ಸ್ವರ ಕೇಳಿಸಿತು, ಉದ್ದಕ್ಕೆ.
ಕೊಳವೆಗಳನ್ನು ಕಸದ ಚೀಲಕ್ಕೆ ಹಾಕುತ್ತಿದ್ದವಳು
ರೂಢಿಯಿಂದ ಎಣಿಸತೊಡಗಿದೆ:
ಒಂದು, ಎರಡು, ಮೂರು, ನಾಲ್ಕು.
ಕೆಮ್ಮು.
ಮತ್ತೆ ಅದೇ ಸ್ವರ.
ಒಂದು, ಎರಡು